‘ಮೊದಲು–ನಂತರ’ದ ಫೋಟೊ ಹೇಳದೆ ಬಿಡುವುದೇನು? ಪ್ಲಾಸ್ಟಿಕ್ ಸರ್ಜನ್‌ನ ಆರಿಸುವ ಮುನ್ನ

ಎಡಗಡೆ ಜೋತುಬಿದ್ದ ಹೊಟ್ಟೆ, ಬಲಗಡೆ ಸಪಾಟಾದ ಹೊಟ್ಟೆ. ಕೆಳಗೆ ‘ಹೊಲಿಗೆ ಇಲ್ಲ, ನೋವಿಲ್ಲ, ಬೆಳಿಗ್ಗೆ ಬಂದು ಸಂಜೆ ಮನೆಗೆ’ ಎಂಬ ಸಾಲು. ಅದರ ಕೆಳಗೆ ‘ನನ್ನ ಬದುಕೇ ಬದಲಾಯಿತು ಡಾಕ್ಟರೇ’ ಎಂದು ಯಾರದೋ ಕೃತಜ್ಞತೆ. ಇಂಥ ಪೋಸ್ಟರುಗಳು ಬೆಂಗಳೂರಿನ ಗ್ರೂಪುಗಳಿಗೆ ಬರುವಷ್ಟೇ ಸಲೀಸಾಗಿ ಗುಳೇದಗುಡ್ಡದ, ಇಳಕಲ್ಲಿನ ಗ್ರೂಪುಗಳಿಗೂ ಬರುತ್ತವೆ. ಇದೆಲ್ಲ ಸುಳ್ಳೇ? ಹಾಗೇನೂ ಇಲ್ಲ. ಫೋಟೊ ನಿಜವಿರಬಹುದು, ಆ ರೋಗಿಯ ಸಂತೋಷವೂ ನಿಜವಿರಬಹುದು. ಆದರೂ ಅದನ್ನು ನೋಡಿ ಡಾಕ್ಟರನ್ನು ಆರಿಸಲು ಆಗುವುದಿಲ್ಲ. ಎಲ್ಲ ಸರಿಯಾಗಿ ನಡೆದಾಗ ಏನಾಗುತ್ತದೆ ಎಂಬುದಷ್ಟೇ ಅದರಲ್ಲಿರುತ್ತದೆ. ನೀವು ತಿಳಿಯಬೇಕಾದದ್ದು, ಏನಾದರೂ ತಪ್ಪಿದಾಗ ಆ ಜಾಗದಲ್ಲಿ ನಿಮ್ಮನ್ನು ಉಳಿಸಲು ಏನಿದೆ, ಯಾರಿದ್ದಾರೆ ಎಂಬುದು.

ಮೊದಲು ಒಂದು ಹಳೆಯ ತಪ್ಪು ತಿಳಿವಳಿಕೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಪ್ಲಾಸ್ಟಿಕ್ ಹಾಕುತ್ತಾರೆ ಎಂದು ನಂಬಿದವರು ಇನ್ನೂ ಬಹಳ ಮಂದಿ. ಹಾಗಲ್ಲ. ‘ಆಕಾರ ಕೊಡುವುದು’ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ, ಕೊಡ–ಬಕೆಟ್ಟಿನ ಪ್ಲಾಸ್ಟಿಕ್ ಹುಟ್ಟುವುದಕ್ಕಿಂತ ಮೊದಲೇ ಬಂದಿದೆ. ಸುಟ್ಟ ಚರ್ಮಕ್ಕೆ ತೊಡೆಯ ಚರ್ಮ ಕಸಿ ಮಾಡುವುದು, ಸೀಳುತುಟಿ ಸರಿಪಡಿಸುವುದು, ಯಂತ್ರಕ್ಕೆ ಸಿಕ್ಕಿ ತುಂಡಾದ ಬೆರಳು ಜೋಡಿಸುವುದು, ಇವೇ ಈ ಶಾಸ್ತ್ರದ ದೊಡ್ಡ ಭಾಗ. ಅಂದಕ್ಕಾಗಿ ಮಾಡುವ ಕಾಸ್ಮೆಟಿಕ್ ಸರ್ಜರಿ ಅದರ ಒಂದು ಕವಲು. ಸರ್ಕಾರವೂ ಎರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ: ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ಆರೋಗ್ಯ ವಿಮೆ ಸಿಗುತ್ತದೆ, ಬರೀ ಅಂದಕ್ಕಾದರೆ ಇಲ್ಲ. ಆಸ್ಪತ್ರೆ ಸೇವೆಗಿರುವ ಜಿಎಸ್‌ಟಿ ವಿನಾಯಿತಿಯೂ ಅಂದದ ಸರ್ಜರಿಗೆ ಇಲ್ಲ.

ಈ ಶಾಸ್ತ್ರದ ಚರಿತ್ರೆಯಲ್ಲಿ ನಮ್ಮ ನಾಡಿನ ಯುದ್ಧವೊಂದಕ್ಕೂ ಜಾಗವಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಕಡೆಯ ಸ್ಥಳೀಯ ವೈದ್ಯನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಕಾವಸ್ಜಿಯ ಚಿತ್ರದ ಸಮೇತ ಈ ಸುದ್ದಿ ಅಚ್ಚುಮಾಡಿತು. ಒಂದರ್ಥದಲ್ಲಿ ಅದೂ ಆ ಕಾಲದ ಫಾರ್ವರ್ಡೇ. ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ ಸರ್ಜನ್ ಈ ವಿಧಾನವನ್ನು ಕೈಗೆತ್ತಿಕೊಂಡರು. ಆದರೆ ಓದಿದ ಮರುದಿನವೇ ಕತ್ತಿ ಹಿಡಿಯಲಿಲ್ಲ. ಶವಗಳ ಮೇಲೆ ಅಭ್ಯಾಸ ಮಾಡಿದರು. ಜೀವಂತ ರೋಗಿಯ ಮೇಲೆ ಮೊದಲ ಬಾರಿ ಮಾಡಿದ್ದು 1814ರಲ್ಲಿ, ಸುದ್ದಿ ಅಚ್ಚಾಗಿ 20 ವರ್ಷದ ನಂತರ.

ಈಗ ಎಷ್ಟು ಅವಸರ ಎಂದರೆ, 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿ ಕುರಿತ ಮಾರ್ಗಸೂಚಿಯಲ್ಲಿ ಒಂದು ಮಾತನ್ನು ಬಿಡಿಸಿ ಬರೆಯಬೇಕಾಯಿತು: ಕಾರ್ಯಾಗಾರದಲ್ಲಿ ಕುಳಿತು ನೋಡಿದ್ದು, ಯೂಟ್ಯೂಬ್‌ನಲ್ಲಿ ನೋಡಿದ್ದು ತರಬೇತಿ ಎನಿಸುವುದಿಲ್ಲ. ಇದನ್ನೂ ಹೇಳಬೇಕಾಯಿತೇ ಎಂದು ನಗು ಬರಬಹುದು.

ಬೆಂಗಳೂರಿನ ಆ ಸಾವು

2022ರ ಮೇ 16. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕಾಸ್ಮೆಟಿಕ್ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸುವ ಸರ್ಜರಿಗೆ ಒಳಗಾದರು. ಅದೇ ದಿನ ಉಸಿರಾಟದ ತೊಂದರೆಯಾಯಿತು. ಬೇರೆ ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ವಯಸ್ಸು 21. ಮನೆಯವರಿಗೆ ಸರಿಯಾಗಿ ತಿಳಿಸದೆಯೇ ಹೋಗಿದ್ದರು. ಅಲ್ಲಿ ತುರ್ತು ಚಿಕಿತ್ಸೆಗೆ ಬೇಕಾದ ಸಲಕರಣೆ ಇರಲಿಲ್ಲ ಎಂದು ತಂದೆ ಆರೋಪಿಸಿದರು, ಪೊಲೀಸರಿಗೆ ದೂರು ಕೊಟ್ಟರು.

ಆಗ ಹರಿದಾಡಿದ ಮಾತುಗಳಲ್ಲಿ ಎರಡು ಬಗೆ. ‘ಸಣ್ಣಗಾಗಬೇಕೆಂಬ ಹುಚ್ಚು’ ಎಂದು ಸತ್ತವಳನ್ನೇ ಬೈದವರು ಕೆಲವರು. ಕೊಬ್ಬು ತೆಗೆಸುವುದೆಂದರೆ ಸಾವೇ ಎಂದವರು ಇನ್ನು ಕೆಲವರು. ಎರಡೂ ಸರಿಯಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಅಂದದ ಸರ್ಜರಿಗಳಲ್ಲಿ ಲೈಪೊಸಕ್ಷನ್ ಒಂದು, ಬಹುಪಾಲು ಜನ ಸುಸೂತ್ರವಾಗಿ ಮನೆಗೆ ಹೋಗುತ್ತಾರೆ. ಆದರೆ ಅದು ಪಾರ್ಲರಿನ ಕೆಲಸವಲ್ಲ. ಚರ್ಮದ ಕೆಳಗೆ ಉಪ್ಪುನೀರು, ಮರಗಟ್ಟಿಸುವ ಔಷಧಿ, ರಕ್ತನಾಳ ಬಿಗಿಮಾಡುವ ಔಷಧಿ ತುಂಬಿ, ತೆಳ್ಳನೆಯ ಕೊಳವೆ ತೂರಿಸಿ ಕೊಬ್ಬು ಹೀರುತ್ತಾರೆ. ಔಷಧಿ ಅಳತೆ ಮೀರಿದರೆ ಹೃದಯದ ಬಡಿತ ಕೆಡುತ್ತದೆ. ನೀರಿನ ಲೆಕ್ಕ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೊಬ್ಬಿನ ಕಣವೋ ರಕ್ತದ ಗಡ್ಡೆಯೋ ಹರಿದು ಶ್ವಾಸಕೋಶಕ್ಕೆ ಹೋದರೆ ನಿಮಿಷಗಳ ಆಟ. ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ತೆಗೆಯುವುದಾದರೆ ಒಳ್ಳೆಯ ಆಸ್ಪತ್ರೆಯಲ್ಲೇ ಮಾಡಿ ರಾತ್ರಿಯಿಡೀ ನಿಗಾದಲ್ಲಿ ಇಡಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಹೇಳುತ್ತದೆ.

ಇನ್ನೊಂದು: ಇದು ತೂಕ ಇಳಿಸುವ ಚಿಕಿತ್ಸೆ ಅಲ್ಲ. ಕೊಳವೆ ಹೀರುವುದು ಚರ್ಮದಡಿಯ ಕೊಬ್ಬನ್ನು ಮಾತ್ರ, ಕರುಳಿನ ಸುತ್ತ ಕೂತ ಕೊಬ್ಬು ಅಲ್ಲೇ ಇರುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಬೊಜ್ಜಿರುವ 15 ಮಹಿಳೆಯರಿಂದ ಹತ್ತಿರಹತ್ತಿರ 10 ಕೆ.ಜಿ. ಕೊಬ್ಬು ತೆಗೆದರೂ ಅವರ ಬಿಪಿ, ಶುಗರ್, ಕೊಲೆಸ್ಟರಾಲ್ ಬದಲಾಗಲಿಲ್ಲ. ‘ಶುಗರ್ ಹೋಗುತ್ತದೆ, ಕೊಬ್ಬು ತೆಗೆಸಿ’ ಎಂಬ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ.

ಮಾಡಿಸಿಕೊಂಡವರ ಮಾತು ಎಷ್ಟು ನಂಬಬೇಕು?

ಅನುಭವಸ್ಥರ ಮಾತಿಗೆ ಬೆಲೆ ಇದೆ. ಆದರೆ ಯಾರ ಮಾತು, ಎಷ್ಟನೆಯ ದಿನದ ಮಾತು ಎಂಬುದು ಮುಖ್ಯ. ಕ್ಲಿನಿಕ್ಕಿನ ಪುಟದಲ್ಲಿ ಅತೃಪ್ತರ ವಿಡಿಯೊ ಸಿಗುವುದಿಲ್ಲ. ಬೆಳಕು, ಕ್ಯಾಮೆರಾ ಕೋನ, ಹೊಟ್ಟೆ ಒಳಗೆಳೆದು ನಿಲ್ಲುವುದು, ಇಷ್ಟರಿಂದಲೇ ಅರ್ಧ ‘ನಂತರ’ ಆಗಿಬಿಡುತ್ತದೆ.

ಅದಕ್ಕಿಂತ ಹೆಚ್ಚಾಗಿ, ನಡುವಿನ ದಿನಗಳು ಯಾವ ಪೋಸ್ಟರಿನಲ್ಲೂ ಇಲ್ಲ. ಲೈಪೊಸಕ್ಷನ್ ಆದ ಮೇಲೆ ವಾರಗಟ್ಟಲೆ ಬಿಗಿಯುಡುಪು ತೊಡಬೇಕು, ನಮ್ಮ ಬೇಸಿಗೆಯಲ್ಲಿ ಅದೇ ಒಂದು ಶಿಕ್ಷೆ. ಚರ್ಮ ನೀಲಿಗಟ್ಟುತ್ತದೆ, ಕೆಲಕಡೆ ಸ್ಪರ್ಶವೇ ತಿಳಿಯದಂತೆ ಜೋಮು ಹಿಡಿದಿರುತ್ತದೆ. ಮೊದಲ ವಾರ ಬಾವಿನಿಂದ ಮೊದಲಿಗಿಂತ ದಪ್ಪ ಕಾಣುವುದೂ ಉಂಟು. ಮೂಗಿನ ಸರ್ಜರಿಯಲ್ಲಂತೂ ತುದಿಯ ಬಾವು ಪೂರ್ತಿ ಇಳಿಯಲು ಒಂದು ವರ್ಷ ಬೇಕಾಗಬಹುದು. ಹೀಗಾಗಿ ಎರಡನೆಯ ವಾರದಲ್ಲಿ ಕನ್ನಡಿ ನೋಡಿ ಅತ್ತವರು ಎಂಟನೆಯ ತಿಂಗಳಲ್ಲಿ ನಗುತ್ತಿರಬಹುದು, ಎರಡನೆಯ ವಾರದಲ್ಲಿ ಹೊಗಳಿದವರಿಗೆ ಆರನೆಯ ತಿಂಗಳಲ್ಲಿ ಉಬ್ಬುತಗ್ಗು ಕಾಣಬಹುದು. ಪರಿಚಯದವರು ಯಾರಾದರೂ ಮಾಡಿಸಿಕೊಂಡಿದ್ದರೆ ‘ಚೆನ್ನಾಗಾಯಿತಾ’ ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ? ರಾತ್ರಿ ಹನ್ನೊಂದಕ್ಕೆ ಜ್ವರ ಬಂದಾಗ ಫೋನ್ ಎತ್ತಿದ್ದು ಯಾರು, ಡಾಕ್ಟರೋ ರಿಸೆಪ್ಷನ್ನೋ? ಎರಡನೆಯ ಸರ್ಜರಿ ಬೇಕಾದರೆ ದುಡ್ಡು ಯಾರದು? ಈ ಉತ್ತರಗಳೇ ಉಪಯೋಗಕ್ಕೆ ಬರುವ ಅನುಭವ.

ಕೆಲಸದ ಪ್ರಶ್ನೆಯಲ್ಲಿ ಊರಿಂದ ಊರಿಗೆ ಫರಕಿದೆ. ‘ಒಂದು ವಾರದಲ್ಲಿ ಕೆಲಸಕ್ಕೆ ಹೋಗಬಹುದು’ ಎಂದು ಬೆಂಗಳೂರಿನ ಡಾಕ್ಟರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಎಸಿ ಕೋಣೆಯ ಕುರ್ಚಿ. ಗುಳೇದಗುಡ್ಡದಲ್ಲಿ ಕುಣಿ ಮಗ್ಗಕ್ಕೆ ಇಳಿದು, ಕಾಲಿನಿಂದ ತುಳಿಯುತ್ತ, ಮುಂದೆ ಬಾಗಿ ದಿನವಿಡೀ ಖಣ ನೇಯುವವರಿಗೆ ಹೊಟ್ಟೆಯ ಹೊಲಿಗೆ ಮಾಗುವ ಲೆಕ್ಕವೇ ಬೇರೆ. ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಬಿಡಿಸಿ ಹೇಳಿ.

ದೂರದ ಲೆಕ್ಕವೂ ಇದೆ. ಇಲ್ಲಿಂದ ಬೆಂಗಳೂರು 400 ಕಿ.ಮೀ.ಗೂ ಹೆಚ್ಚು. ದೊಡ್ಡ ಸರ್ಜರಿ ಮುಗಿಸಿ ಎರಡೇ ದಿನಕ್ಕೆ ರಾತ್ರಿ ಬಸ್ಸು ಹತ್ತಿ ಕಾಲು ಮಡಿಸಿ ಕುಳಿತರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯ ಹೆಚ್ಚುತ್ತದೆ. ಅಪರೇಷನ್ನೇ ಅದಕ್ಕೊಂದು ಕಾರಣ, ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಇನ್ನೊಂದು. ಮೀನಖಂಡ ಊದಿ ನೋಯುವುದು, ಒಮ್ಮೆಲೇ ಉಸಿರು ಕಟ್ಟುವುದು, ಎದೆ ಚುಚ್ಚುವುದು ಕಂಡರೆ ಬೆಂಗಳೂರಿಗೆ ಫೋನ್ ಹಚ್ಚುತ್ತ ಕೂರದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಅಗ್ಗದ ಪ್ಯಾಕೇಜೆಂದು ದೂರದೂರಿಗೆ ಹೋಗುವವರು ಅಲ್ಲಿ ಉಳಿಯುವ ಖರ್ಚು, ಮತ್ತೆಮತ್ತೆ ತೋರಿಸಲು ಹೋಗುವ ಖರ್ಚು ಸೇರಿಸಿ ನೋಡಿದರೆ ಹುಬ್ಬಳ್ಳಿಯೋ ಬೆಳಗಾವಿಯೋ ವಾಸಿ ಎನಿಸಬಹುದು.

ನಮ್ಮ ಕಡೆ ತೀರ ಸಾಮಾನ್ಯವಾದ ತೊಂದರೆಯೊಂದನ್ನು ಇಲ್ಲೇ ಹೇಳಿಬಿಡಬೇಕು: ಭಾರದ ಬೆಂಡೋಲೆ, ಜುಮುಕಿ ಹಾಕಿ ಹಾಕಿ ಹರಿದ ಕಿವಿಹಾಲೆ. ‘ಹೊಲಿಗೆಯಿಲ್ಲದೆ ಕಿವಿ ಕೂಡಿಸುತ್ತೇವೆ’ ಎಂಬ ಬೋರ್ಡು ಹಲವು ಪಾರ್ಲರುಗಳ ಮುಂದೆ ಕಾಣುತ್ತದೆ. ಚರ್ಮ ಸುಡುವ ಆಸಿಡ್‌ ಹಚ್ಚಿ, ಆ ಗಾಯ ಮಾಗುವಾಗ ತೂತು ಕೂಡಿಕೊಳ್ಳುತ್ತದೆಂಬ ಲೆಕ್ಕದಲ್ಲಿ ಮಾಡುವವರಿದ್ದಾರೆ. ಅಳತೆ ತಪ್ಪಿದರೆ ಹಾಲೆಯೇ ಸುಡುತ್ತದೆ, ಕೀವಾಗುತ್ತದೆ. ನಮ್ಮಂಥ ಕಪ್ಪು–ಕಂದು ಚರ್ಮದವರಲ್ಲಿ ಕಿವಿಹಾಲೆಯ ಗಾಯ ಉಬ್ಬಿ ಗಂಟಾಗುವುದೂ ಹೆಚ್ಚು. ಅದಕ್ಕೆ ಕೀಲಾಯ್ಡ್ ಎನ್ನುತ್ತಾರೆ, ಒಮ್ಮೆ ಬಂದರೆ ಕಾಡುತ್ತದೆ. ಸರ್ಜನ್ ಮಾಡಿದರೆ ಇದು ಆ ಜಾಗ ಮಾತ್ರ ಮರಗಟ್ಟಿಸಿ, ಅಂಚು ಕತ್ತರಿಸಿ, ಹೊಲಿದು ಮುಗಿಸುವ ಸಣ್ಣ ಕೆಲಸ. ಮನೆಯಲ್ಲಿ ಯಾರಿಗಾದರೂ ಮೊದಲು ಕೀಲಾಯ್ಡ್ ಆಗಿದ್ದರೆ ತಪ್ಪದೆ ಹೇಳಬೇಕು.

ಹೆಸರಿನ ಮುಂದಿನ ಅಕ್ಷರಗಳು

‘ಕಾಸ್ಮೆಟಾಲಜಿಸ್ಟ್’, ‘ಈಸ್ಥೆಟಿಕ್ ಎಕ್ಸ್‌ಪರ್ಟ್’ ಎಂಬ ಬಿರುದುಗಳು ಸರ್ಜನ್‌ನ ಪದವಿಗಳಲ್ಲ. ಪ್ಲಾಸ್ಟಿಕ್ ಸರ್ಜನ್ ಆಗಲು ಸಾಮಾನ್ಯ ದಾರಿ ಇದು: ಎಂಬಿಬಿಎಸ್ ಐದೂವರೆ ವರ್ಷ, ಜನರಲ್ ಸರ್ಜರಿಯಲ್ಲಿ ಎಂಎಸ್ 3 ವರ್ಷ, ಆಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ 3 ವರ್ಷ. ಡಿಎನ್‌ಬಿ ದಾರಿಯೂ ಇದೆ. ಚರ್ಮರೋಗ ತಜ್ಞರು ಲೇಸರ್, ಕೂದಲು ಕಸಿಯಂಥವನ್ನು, ದವಡೆ–ಮುಖದ ಎಂಡಿಎಸ್ ಸರ್ಜನ್‌ಗಳು ಸೀಳುತುಟಿ, ದವಡೆ ಸರಿಪಡಿಸುವುದನ್ನು, ಇಎನ್‌ಟಿ ಸರ್ಜನ್‌ಗಳು ಮೂಗಿನ ಕೆಲಸವನ್ನು ತರಬೇತಿ ಪಡೆದು ಮಾಡುತ್ತಾರೆ. ಆದರೆ ಹೊಟ್ಟೆಯ ಕೊಬ್ಬು ತೆಗೆಯುವವರ ಪದವಿ ಹಲ್ಲಿನದೋ ಬ್ಯೂಟಿ ಡಿಪ್ಲೊಮಾವೋ ಆಗಿದ್ದರೆ ಎದ್ದು ಬನ್ನಿ. ಎಂಬಿಬಿಎಸ್ ಮತ್ತು ಮೇಲಿನ ಪದವಿಗಳು ನೋಂದಣಿಯಾಗಿವೆಯೇ ಎಂದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಡಬಹುದು. ಕ್ಲಿನಿಕ್ ಆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇಯಲ್ಲಿ, ನೋಂದಣಿ ಆಗಿರಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣಬೇಕು. ಕಾಣದಿದ್ದರೆ ಕೇಳಿ, ಸಂಕೋಚ ಬೇಡ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು ಇಲ್ಲೇಕೆ ನಾಚಬೇಕು?

ಸರ್ಜನ್‌ಗಿಂತ ಕಡಿಮೆಯಲ್ಲದವರು ಅರಿವಳಿಕೆ ತಜ್ಞರು. ಅವರು ಯಾರು, ಸರ್ಜರಿ ಮುಗಿಯುವ ತನಕ ಪಕ್ಕದಲ್ಲೇ ಇರುತ್ತಾರೆಯೇ, ಐಸಿಯು ಅದೇ ಕಟ್ಟಡದಲ್ಲಿದೆಯೇ, ಇಲ್ಲದಿದ್ದರೆ ಎಲ್ಲಿಗೆ ಸಾಗಿಸುತ್ತಾರೆ ಎಂದು ಮೊದಲೇ ಕೇಳಿ. ‘ರಿಸ್ಕೇ ಇಲ್ಲ’ ಎನ್ನುವವರಿಗಿಂತ, ಕೆಲವೊಮ್ಮೆ ಹೀಗಾಗುತ್ತದೆ, ಆದಾಗ ನಾನು ಹೀಗೆ ಮಾಡುತ್ತೇನೆ ಎನ್ನುವವರು ಮೇಲು. ‘ಇವತ್ತೇ ಬುಕ್ ಮಾಡಿದರೆ ರಿಯಾಯಿತಿ’ ಎಂಬುದು ಅಂಗಡಿಯ ಮಾತು. ಅಂದದ ಸರ್ಜರಿ ಎಂದೂ ತುರ್ತಿನದಲ್ಲ. ನಿಮಗೆ ಇದು ಬೇಡ ಎಂದು ಹೇಳಿ ಕಳಿಸುವ ಸರ್ಜನ್ ಸಿಕ್ಕರೆ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ. ಎಷ್ಟು ತಿದ್ದಿಸಿದರೂ ಕನ್ನಡಿಯಲ್ಲಿ ಕೊರತೆಯೇ ಕಾಣುವ ಮನಸ್ಸಿನ ಕಾಯಿಲೆಯೊಂದಿದೆ, ಅದಕ್ಕೆ ಕತ್ತಿ ಔಷಧಿಯಲ್ಲ.

ಒಪ್ಪಿಗೆ ಪತ್ರದ ವಿಷಯದಲ್ಲಿ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ರೋಗಿಗೆ ತಿಳಿಸಿರಬೇಕು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ, ಜೀವ ಉಳಿಸುವ ತುರ್ತು ಇದ್ದರೆ ಮಾತ್ರ ವಿನಾಯಿತಿ. ಇಂಗ್ಲಿಷಿನ ಫಾರ್ಮಿಗೆ ಅಪರೇಷನ್ ಥಿಯೇಟರಿನ ಬಾಗಿಲಲ್ಲಿ ಸಹಿ ಹಾಕಬೇಡಿ. ಹಿಂದಿನ ದಿನವೇ ಮನೆಗೆ ತಂದು, ಓದಬಲ್ಲವರಿಂದ ಓದಿಸಿ. ಮನೆಯವರಿಗೆ ಗುಟ್ಟು ಮಾಡಿ ಹೋಗುವವರು ಒಬ್ಬ ಗೆಳತಿಗಾದರೂ ಹೇಳಿ ಹೋಗುವುದು ಒಳ್ಳೆಯದು, ಅರಿವಳಿಕೆಯಿಂದ ಎದ್ದವರ ಪಕ್ಕ ಒಬ್ಬರು ಬೇಕೇ ಬೇಕು.

ಏನಾದರೂ ಕೆಟ್ಟರೆ ದೂರಿಗೆ ಮೂರು ಬಾಗಿಲುಗಳಿವೆ. ಕ್ಲಿನಿಕ್ ಮೇಲಿನ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಜಿಲ್ಲಾ ಪ್ರಾಧಿಕಾರಕ್ಕೆ, ವೈದ್ಯರ ನಡತೆಯ ಮೇಲಿನದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಪರಿಹಾರ ಕೇಳುವುದಾದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ. ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಎಲ್ಲ ಕಡೆಯೂ ಕೇಳುವುದು ಕಾಗದ: ಬಿಲ್ಲು, ಒಪ್ಪಿಗೆ ಪತ್ರದ ಪ್ರತಿ, ಡಿಸ್ಚಾರ್ಜ್ ಸಾರಾಂಶ. ಸಿಲಿಕೋನ್ ಏನಾದರೂ ಒಳಗೆ ಇಟ್ಟಿದ್ದರೆ ಅದರ ಕಂಪನಿ, ನಂಬರು ಇರುವ ಸ್ಟಿಕ್ಕರು ಕೂಡ ಬೇಕು. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಸ್ತನದೊಳಗೆ ಇಡುವ ಚೀಲಗಳಿಗೆ ಕಾರ್ಖಾನೆ ದರ್ಜೆಯ ಸಿಲಿಕೋನ್ ತುಂಬಿದ್ದು ಬಯಲಾದಾಗ, ತಮ್ಮ ಮೈಯೊಳಗಿರುವುದು ಯಾವುದೆಂದು ಈ ಸ್ಟಿಕ್ಕರ್ ಇದ್ದವರಿಗೆ ಕೂಡಲೇ ತಿಳಿಯುವಂತಿತ್ತು. ಒಳರೋಗಿಯ ದಾಖಲೆಗಳನ್ನು ವೈದ್ಯರು 3 ವರ್ಷ ಇಟ್ಟುಕೊಂಡಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ನಡಾವಳಿ ನಿಯಮಗಳಲ್ಲಿದೆ. ಬಾಯಿಮಾತಿನಲ್ಲಿ ಕೇಳದೆ ಬರೆದು ಕೊಟ್ಟು, ಅರ್ಜಿ ತಲುಪಿದ ಸಹಿ ಹಾಕಿಸಿಕೊಳ್ಳಿ.