ರಿಪೋರ್ಟ್ ಬರೋತನಕ

ಅವ್ವನ ಬಯಾಪ್ಸಿ ಆಗೇತಿ, ರಿಪೋರ್ಟ್ ಇನ್ನೂ ಬಂದಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಮನೆಗಳಲ್ಲಿ ಆಗ ಎಲ್ಲರೂ ಸೇರಿ ಮಾಡೋ ಕೆಲಸ ಒಂದೇ: ಅವ್ವಗ ಸುಳ್ಳು ಹೇಳೋದು. "ಏನಿಲ್ಲಬೇ, ಸಣ್ಣ ಗಂಟು, ಗುಳಗಿ ಕೊಡ್ತಾರ."

ಇದು ನನಗೆ ಸರಿ ಕಾಣಲ್ಲ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಬೋರ್ಡ್ ಓದಾಕ ಬರದಿದ್ರೂ, ಅಲ್ಲಿ ಬಸ್ ಇಳಿದಾಗಲೇ ಆಕಿಗೆ ತಿಳಿದಿರತೈತಿ. ನಿಮಗೆ ಸಂಕಟ ಆಗಬಾರದು ಅಂತ ಸುಮ್ಮನಿರತಾಳ, ಅಷ್ಟ.

ಕೇಳ್ರಿ: "ಬಂದದ್ದನ್ನ ನಿನ್ನ ಮುಂದ ಹೇಳಲೇನು, ಇಲ್ಲಾ ಡಾಕ್ಟರ್ ನಮ್ಮ ಕೂಡ ಮಾತಾಡಲೇನು?" ಬ್ಯಾಡ ಅಂದ್ರ ಬ್ಯಾಡ. ಆದ್ರ ಅದನ್ನ ಆಕಿನ ಹೇಳಲಿ.

ತಡ ಆಯ್ತು ಅಂದ್ರ ಕೆಟ್ಟ ಸುದ್ದಿ ಅಂತಲ್ಲ. ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಬೇಕು. ಸ್ಪಷ್ಟ ಆಗದಿದ್ರ ಇನ್ನೊಂದು ಪರೀಕ್ಷೆ, ಮತ್ತಷ್ಟು ದಿನ. "ಗಂಟಿಗೆ ಸೂಜಿ ಚುಚ್ಚಿದ್ರ ಹಬ್ಬತೈತಿ" ಅನ್ನೋ ಕಟ್ಟೆ ಪಂಡಿತರನ್ನ ಬಾಗಲದಾಗ ನಿಲ್ಲಿಸ್ರಿ.

ಹೆಸರು ಬಿಡಿಸಾಕ ಹೋಗ್ತೀನಿ ಅಂದ್ರ, ಮೈಯಾಗ ತ್ರಾಣ ಇದ್ರ, ಹೋಗಲಿ. ಮೂಲೆಗೆ ಕೂರಿಸಿ ಮೂಸಂಬಿ ಸುಲಿದು ಕೊಟ್ರ ಇವತ್ತೇ ರೋಗಿ ಆಗಿಬಿಡ್ತಾಳ.

ನೀವು ಈ ನಡುವೆ ರೇಷನ್ ಕಾರ್ಡು, ಆಧಾರ್ ಹುಡುಕಿ ಇಡ್ರಿ. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿತನಕ ಚಿಕಿತ್ಸೆ ಐತಿ. ಬೇಕಾಗಲಿಲ್ಲ ಅಂದ್ರ ಮತ್ತ ಟ್ರಂಕಿನ್ಯಾಗ ಇಟ್ರಾತು.