ಬೆಳಗ್ಗೆ ಒಂದು ಬಾರ್

"ಬೆಳಗ್ಗೆ ಒಂದು ಬಾರ್ ಸಾಕು ಮಾಮ, ಮಧ್ಯಾಹ್ನದ ತನಕ ತಳ್ಳಬಹುದು."

ಅಕ್ಕನ ಮಗ ಶೂ ಹಾಕಿಕೊಳ್ಳುತ್ತ ನನಗೆ ಹೇಳಿದ ಮಾತು ದೇವರಮನೆಯಲ್ಲಿದ್ದ ನಮ್ಮಮ್ಮನ ಕಿವಿಗೆ ಬಿತ್ತು. ಹಲಸೂರಿನಲ್ಲಿ ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಬಾರ್ ಎಂದರೆ ಒಂದೇ ಅರ್ಥ. ಹೂವಿನ ಬುಟ್ಟಿ ಹಿಡಿದುಕೊಂಡೇ ಹೊರಗೆ ಬಂದಳು. "ಎಂಟು ಗಂಟೆಗೇ ತೆಗೆದಿರ್ತಾರಾ?"

ಅವನಿಗೆ ನಗು ತಡೆಯಲಾಗಲಿಲ್ಲ. ಬ್ಯಾಗಿನಿಂದ ಒಂದು ಬಾರ್ ತೆಗೆದು ಅಜ್ಜಿಯ ಕೈಯಲ್ಲಿಟ್ಟು ಮೆಟ್ರೊಗೆ ಓಡಿದ. ಅಮ್ಮ ಹೊದಿಕೆ ಹರಿದು ತುದಿ ಮುರಿಯಲು ನೋಡಿದಳು. ಅದು ಮುರಿಯದೆ ಬಗ್ಗಿತು. ಚಾಕುವಿನಲ್ಲಿ ಕುಯ್ದು ಒಂದು ಚೂರು ಬಾಯಿಗೆ ಹಾಕಿಕೊಂಡು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೆ ಅಂಟದಂತೆ ಆ ಕೆನ್ನೆಯಿಂದ ಈ ಕೆನ್ನೆಗೆ ಆಡಿಸಿ, "ತುಪ್ಪ ಹಾಕೋದು ಮರೆತ ಮೈಸೂರುಪಾಕು" ಅಂದಳು. ಆಮೇಲೆ ಬೆಲೆ ಕೇಳಿದಳು. ನೂರಿಪ್ಪತ್ತು ಎಂದೆ. "ಡಬ್ಬಕ್ಕಾ?" ಅಲ್ಲ, ಒಂದಕ್ಕೆ. ಅಮ್ಮ ಮಾತಾಡದೆ ಉಳಿದದ್ದನ್ನು ಮತ್ತೆ ಅದರ ಹೊದಿಕೆಯಲ್ಲೇ ಸುತ್ತಿ ಫ್ರಿಜ್ಜಿನ ಮೇಲಿಟ್ಟಳು. ಅಷ್ಟು ದುಡ್ಡಿನದನ್ನು ಎಸೆಯಲು ಅವಳಿಗೆ ಕೈ ಬರುವುದಿಲ್ಲ.

ಆ ಹೊದಿಕೆಯನ್ನು ನಾನು ಸಂಜೆ ಬಿಡಿಸಿ ಓದಿದೆ. ಮುಂಭಾಗದಲ್ಲಿ ದಪ್ಪಕ್ಷರ: 20 ಗ್ರಾಂ ಪ್ರೋಟೀನ್, ಸಕ್ಕರೆ ಸೇರಿಸಿಲ್ಲ. ಪಕ್ಕದಲ್ಲಿ ಇಡೀ ಇಡೀ ಬಾದಾಮಿಗಳ ಚಿತ್ರ. ಹಿಂಭಾಗದ ಅಕ್ಷರಗಳಿಗೆ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ತರಬೇಕಾಯಿತು. ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಮ್ಮ ಆಹಾರ ಕಾನೂನಿನ ನಿಯಮ. ಹಾಗಾಗಿ ಪಟ್ಟಿಯ ಮೊದಲ ಮೂರು ನಾಲ್ಕು ಹೆಸರು ಓದಿದರೆ ತಿಂಡಿಯ ಜಾತಕವೇ ಸಿಕ್ಕಂತೆ. ಇದರಲ್ಲಿ ಮೊದಲು ಹಾಲಿನ ಮತ್ತು ಸೋಯಾದ ಪ್ರೋಟೀನ್ ಪುಡಿ, ಆಮೇಲೆ ಮಾಲ್ಟಿಟಾಲ್, ಗ್ಲಿಸರಾಲ್, ತಾಳೆ ಎಣ್ಣೆ. ಚಿತ್ರದ ಬಾದಾಮಿ ಸಿಕ್ಕಿದ್ದು ಪಟ್ಟಿಯ ಬಾಲದಲ್ಲಿ, ಶೇಕಡಾ 3.

ಪ್ರೋಟೀನ್ ಪುಡಿ ಒಣ ಹಿಟ್ಟು. ಅದನ್ನು ಒತ್ತಿ ಅಚ್ಚು ಮಾಡಿದರೆ ಕೆಲವು ವಾರಗಳಲ್ಲಿ ಹಲಗೆಯಾಗುತ್ತದೆ. ಮೆದುವಾಗಿ ಉಳಿಯಲೆಂದು ಗ್ಲಿಸರಾಲ್, ಅಂಟಿಗೂ ಸಿಹಿಗೂ ಮಾಲ್ಟಿಟಾಲ್. ಮಾಲ್ಟಿಟಾಲ್ ಸಕ್ಕರೆಯಲ್ಲ ಎಂಬುದು ನಿಜ, ಕ್ಯಾಲೊರಿ ಸುಮಾರು ಅರ್ಧ. ಆದರೆ ರಕ್ತದ ಸಕ್ಕರೆಯನ್ನು ಅದು ಏರಿಸುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಸಕ್ಕರೆಗಿಂತ ಕಡಿಮೆ ಏರಿಸುತ್ತದೆ, ಅಷ್ಟೆ. ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳದೆ ಉಳಿದದ್ದು ದೊಡ್ಡ ಕರುಳಿಗೆ ಇಳಿದು ಗುಡುಗುಡು ಎನ್ನುತ್ತದೆ. ಅದಕ್ಕೇ ಮೂಲೆಯಲ್ಲಿ ಇರುವೆ ಸಾಲಿನಂಥ ಒಂದು ಎಚ್ಚರಿಕೆ: ಭೇದಿಯಾಗಬಹುದು. ಆ ಸಾಲನ್ನು ಹಾಕಿಸಿದ್ದೂ ಕಾನೂನೇ. ನಮ್ಮ ಹುಡುಗ ಮೂರು ತಿಂಗಳಿಂದ ಹೊಟ್ಟೆ ಉಬ್ಬರ ಎಂದು ಜೀರಿಗೆ ನೀರು ಕುಡಿಯುತ್ತಿದ್ದ.

ಹಾಗಾದರೆ ಇದು ಒಳ್ಳೆಯ ತಿಂಡಿಯೋ ಕೆಟ್ಟದ್ದೋ? ಈ ಪ್ರಶ್ನೆಗೆ ಬಾರನ್ನೊಂದೇ ಮೇಜಿನ ಮೇಲಿಟ್ಟುಕೊಂಡು ಉತ್ತರ ಹೇಳಲು ಆಗುವುದಿಲ್ಲ. ಅದು ಯಾವುದನ್ನು ಎಬ್ಬಿಸಿ ಆ ಜಾಗದಲ್ಲಿ ಕೂತಿದೆ ಎಂದು ಕೇಳಬೇಕು. ಸಂಜೆ ಐದಕ್ಕೆ ಬೇಕರಿಯ ಪಫ್ಸ್ ತಿನ್ನುತ್ತಿದ್ದವರು ಅದರ ಬದಲು ಬಾರ್ ತಿಂದರೆ ನನ್ನದೇನೂ ತಕರಾರಿಲ್ಲ. ಪಫ್ಸ್ ಎಂದರೆ ಮೈದಾ, ವನಸ್ಪತಿ ಮತ್ತು ಮಧ್ಯದಲ್ಲಿ ಸಾಕ್ಷಿಗೆಂದು ಒಂದಿಷ್ಟು ಪಲ್ಯ. ಬೆಳಗಿನ ತಿಂಡಿಯನ್ನೇ ಎಬ್ಬಿಸಿ ಕೂತಿದ್ದರೆ ಮಾತ್ರ ತಕರಾರಿದೆ. ಅದಕ್ಕೊಂದು ಹಳೆಯ ಕಥೆಯೂ ಇದೆ.

ಪ್ರೋಟೀನ್ ಎಂಬ ಕೂಗು ನಮ್ಮ ರಾಜ್ಯಕ್ಕೆ ಹೊಸತಲ್ಲ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲೇ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ, ಮೇಲೆ ಜೀವಸತ್ವ ಸೇರಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಎಂಬ ಪುಡಿ ಮಾಡಿತು. ಬಡ ಮಕ್ಕಳ ಸಾರು, ಗಂಜಿ, ಉಂಡೆಗೆ ಬೆರೆಸಲೆಂದು. ಆಗ ಜಗತ್ತಿಗೆಲ್ಲ ಅದೇ ಧ್ಯಾನ. 1968ರಲ್ಲಿ ವಿಶ್ವಸಂಸ್ಥೆಯೇ ಪ್ರೋಟೀನ್ ಬಿಕ್ಕಟ್ಟು ಇನ್ನೇನು ಬರಲಿದೆ ಎಂದು ವರದಿ ಬರೆಯಿತು. ಇದಕ್ಕೆ ನಮ್ಮವರೇ ಇಬ್ಬರು ಅಡ್ಡ ನಿಂತರು: ಪೋಷಣ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ. ಮಕ್ಕಳಿಗೆ ಕಡಿಮೆ ಬಿದ್ದಿರುವುದು ಊಟ, ಈಗ ತಿನ್ನುವ ಅನ್ನ ಬೇಳೆಯನ್ನೇ ಹೊಟ್ಟೆ ತುಂಬ ಕೊಡಿ, ಪ್ರೋಟೀನ್ ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ ಎಂಬುದು ಅವರ ವಾದ. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಎಂಬ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆ ಇಡೀ ಗದ್ದಲವನ್ನು ಮಹಾ ಎಡವಟ್ಟು ಎಂದೇ ಕರೆದ.

ಗೋಪಾಲನ್ ಅವರ ಮಾತಿನ ಹಿಂದೆ ದೇಹದ ಒಂದು ಸರಳ ಲೆಕ್ಕವಿದೆ. ಒಲೆಗೆ ಸೌದೆ ಇಲ್ಲದಿದ್ದರೆ ಮನೆಯ ಕುರ್ಚಿಯನ್ನೇ ಮುರಿದು ಉರಿಸಿದ ಹಾಗೆ, ಶಕ್ತಿ ಸಾಲದಿದ್ದಾಗ ದೇಹ ಪ್ರೋಟೀನನ್ನೂ ಉರುವಲು ಮಾಡಿಕೊಳ್ಳುತ್ತದೆ. ರಾತ್ರಿ ಒಂಬತ್ತಕ್ಕೆ ಉಂಡು, ಬೆಳಗ್ಗೆ ಜಿಮ್ಮಿಗೆ ಹೋಗಿ ಬಂದು, 60 ಗ್ರಾಮಿನ ಒಂದು ತುಂಡು ತಿಂದು ಮಧ್ಯಾಹ್ನ ಒಂದೂವರೆವರೆಗೆ ತಳ್ಳುವ ಹುಡುಗನ ಆ 20 ಗ್ರಾಮಿನಲ್ಲಿ ತೋಳಿಗೆ ಹೋಗುವುದೆಷ್ಟು, ಒಲೆಗೆ ಹೋಗುವುದೆಷ್ಟು? ಇದನ್ನು ಕೇಳಿದಾಗ ಅವನು ಫೋನು ನೋಡತೊಡಗಿದ.

ಹಾಗೆಂದು ಪ್ರೋಟೀನಿನ ಮಾತೆಲ್ಲ ಕಂಪನಿಗಳ ಕಟ್ಟುಕಥೆ ಎಂದರೆ ಅದೂ ಸುಳ್ಳು. ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡ, ಸಾರು ತೊರೆ, ಬೇಳೆ ಹುಡುಕಬೇಕು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆ ಅಳೆದು ನೋಡಿದಾಗ, ದೇಹಕ್ಕೆ ಬೇಕಾದ ಲೈಸಿನ್ ಹಳೆಯ ಅಂತರರಾಷ್ಟ್ರೀಯ ಅಂದಾಜಿಗಿಂತ ಬಹಳ ಹೆಚ್ಚು ಎಂದು ತಿಳಿಯಿತು. ಅದನ್ನು ತುಂಬುವುದು ಬೇಳೆಕಾಳು, ಹಾಲು, ಮೊಟ್ಟೆ, ಮಾಂಸ. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕುವ ಇಡ್ಲಿ ಹಿಟ್ಟಿನಲ್ಲಿ ನಮ್ಮಜ್ಜಿಯರು ಹೊಂದಿಸಿದ್ದೂ ಇದನ್ನೇ. ಆದರೆ ಎರಡು ಇಡ್ಲಿಯಲ್ಲಿ 5 ಗ್ರಾಂ ಸಿಕ್ಕರೆ ಹೆಚ್ಚು. ಐಸಿಎಂಆರ್ ಹೇಳುವ ಪ್ರಕಾರ ದಿನಕ್ಕೆ ಬೇಕಾದ್ದು ಮೈತೂಕದ ಕಿಲೋಗೆ 0.83 ಗ್ರಾಂ, ಎಂದರೆ 65 ಕಿಲೋ ಗಂಡಸಿಗೆ 54 ಗ್ರಾಂ, 55 ಕಿಲೋ ಹೆಂಗಸಿಗೆ 46 ಗ್ರಾಂ. ಬೇಳೆ, ಮೊಸರು, ಒಂದು ಹಿಡಿ ಕಾಳು ಇರುವ ಮನೆಯಲ್ಲಿ ಇದು ಗುಡ್ಡ ಹತ್ತುವ ಕೆಲಸವಲ್ಲ. 2024ರ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯ ಮಾರ್ಗಸೂಚಿ ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ತಿನ್ನಬೇಡಿ ಎಂದು ನೇರವಾಗಿಯೇ ಹೇಳಿತು. ಬಾರ್ ಎಂದರೆ ಅದೇ ಪುಡಿ, ಅಚ್ಚಿಗೆ ಒತ್ತಿದ್ದು.

ಬೇಳೆ, ಮೊಸರು ಇರುವ ಮನೆಯಲ್ಲಿ ಅಂದೆ. ಈ ಪೂರ್ವ ಬೆಂಗಳೂರಿನಲ್ಲಿ ಎಷ್ಟು ಹುಡುಗ ಹುಡುಗಿಯರಿಗೆ ಮನೆಯಿದೆ? ಇಂದಿರಾನಗರದ ಅಡ್ಡರಸ್ತೆಗಳಿಂದ ಹಿಡಿದು ಕೆ.ಆರ್. ಪುರದ ತೂಗುಸೇತುವೆಯ ಆಚೆಯವರೆಗೆ ಪಿ.ಜಿ.ಗಳ ಸಾಲು. ಅಲ್ಲಿನ ಬೆಳಗಿನ ತಿಂಡಿಯ ಪಟ್ಟಿ ಓದಿ: ಸೋಮವಾರ ಚಿತ್ರಾನ್ನ, ಮಂಗಳವಾರ ಪುಳಿಯೋಗರೆ, ಬುಧವಾರ ಟೊಮೆಟೊ ಬಾತ್. ಪೊಂಗಲ್ ಮಾಡುವ ದಿನ ಹೆಸರುಬೇಳೆಯ ದರ್ಶನ. ಎಷ್ಟೋ ಕಡೆ ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ, ಮೊಟ್ಟೆ ತರುವಂತಿಲ್ಲ. ಮೆಟ್ರೊದೊಳಗೆ ತಿನ್ನುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ತುಂಡು ಸೇರಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಒಂದೇ ಗೆರೆಯಾದ ಮೇಲೆ ನಮ್ಮ ಹುಡುಗನಿಗೆ ಉಳಿದಿರುವ ತಿಂಡಿಯ ಹೊತ್ತು ನಿಲ್ದಾಣದ ಮೆಟ್ಟಿಲಿಂದ ಆಫೀಸಿನ ಗೇಟಿನವರೆಗಿನ ಏಳು ನಿಮಿಷ. ಬಾರ್ ಮಾರಾಟವಾಗುವುದು ಆ ಏಳು ನಿಮಿಷದಲ್ಲಿ. ಹಸಿರು ಚುಕ್ಕೆ ಇದೆ, ವಾಸನೆ ಇಲ್ಲ, ತಟ್ಟೆ ಬೇಡ, ಯಾವ ಅಡುಗೆಮನೆಯ ಮಡಿಗೂ ಭಂಗವಿಲ್ಲ. ಬೆಂಗಳೂರಿನಲ್ಲೇ 2014ರಲ್ಲಿ ಇಬ್ಬರು ಅಕ್ಕತಂಗಿಯರು ಶುರುಮಾಡಿದ ಯೋಗಾ ಬಾರ್ ಕಂಪನಿಯನ್ನು 2023ರಲ್ಲಿ ಐಟಿಸಿ ಕೊಳ್ಳಲು ಮುಂದಾಯಿತು. ಕಾಕ್ಸ್ ಟೌನ್ ಕಡೆ ದಶಕಗಟ್ಟಲೆ ಸಿಗರೇಟು ಮಾಡಿದ ಕಂಪನಿಗೆ ಈ ಸೀಮೆಯ ಜನ ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ಬಾಯಿಗೆ ಏನಿಡುತ್ತಾರೆ ಎಂಬುದು ಗೊತ್ತಿರಲೇಬೇಕು.

ಹೀಗೆ ಹೊತ್ತು ಒಯ್ಯುವ ತಿಂಡಿ ನಿಜವಾಗಿ ಬೇಕಾದವರು ಇದ್ದಾರೆ. ಮೈಸೂರಿನದೇ ಇನ್ನೊಂದು ಸಂಸ್ಥೆ, 1961ರ ಡಿಎಫ್‌ಆರ್‌ಎಲ್, ಸೈನಿಕರಿಗೆಂದೇ ಬಾರುಗಳನ್ನು ಮಾಡಿಕೊಂಡು ಬಂದಿದೆ. ಒಲೆ ಹಚ್ಚಲಾಗದ ಹಿಮದಲ್ಲಿ ನಿಂತವನಿಗೆ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಬೇಕು. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಹುಡುಗರಿಗೆ ಅದರ ಬೆಲೆ ಗೊತ್ತು. ರಾತ್ರಿ ಪಾಳಿಯ ನರ್ಸಿಗೆ, ಊಟ ತಲುಪಿಸುತ್ತ ತಾನು ಉಣ್ಣದ ಬೈಕಿನ ಹುಡುಗನಿಗೆ ಬ್ಯಾಗಿನಲ್ಲಿ ಒಂದು ಬಾರ್ ಇದ್ದರೆ ನಾನು ಬೇಡವೆನ್ನಲಾರೆ. ಆದರೆ ಆ ಬೈಕಿನ ಹುಡುಗ ನೂರಿಪ್ಪತ್ತು ಕೊಡುವವನಲ್ಲ. ಕೊಡುವವನು ಹವಾನಿಯಂತ್ರಿತ ಕಚೇರಿಯಲ್ಲಿ ಕೂತವನು, ಅವನ ಆಫೀಸಿನ ಕೆಳಗೇ ದರ್ಶಿನಿ ಇರುತ್ತದೆ.

ಮೊನ್ನೆ ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ ಒಂದು ಕಡಲೆಕಾಯಿ ಗಾಡಿಯ ಮುಂದೆ ನಿಂತಿದ್ದೆ. ಬಾಣಲೆಯಲ್ಲಿ ಕಪ್ಪಗಾದ ಮರಳು, ಅದರೊಳಗೆ ಸೌಟು ತಿರುವಿದಂತೆಲ್ಲ ಚಿಟಿಚಿಟಿ ಸದ್ದು. ಜರಡಿಯಲ್ಲಿ ಮರಳು ಕೆಳಗೆ, ಬೀಜ ಮೇಲೆ. ಹುರಿದ ರಾಶಿಯ ನೆತ್ತಿಯ ಮೇಲೆ ಕೆಂಡ ತುಂಬಿದ ಪುಟ್ಟ ಮಡಕೆ, ಬಿಸಿ ಆರದಿರಲೆಂದು. ಹಳೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಪೊಟ್ಟಣದಲ್ಲಿ ಇಪ್ಪತ್ತು ರೂಪಾಯಿಯ ಬೀಜ ಕೊಟ್ಟ. 50 ಗ್ರಾಂ ಬೀಜದಲ್ಲಿ 12 ಗ್ರಾಮಿಗೂ ಮಿಕ್ಕಿ ಪ್ರೋಟೀನ್ ಇದೆ. ಜೊತೆಗೆ ಅದರ ಎರಡರಷ್ಟು ಕೊಬ್ಬೂ ಇದೆ, ಒಟ್ಟು 280 ಕ್ಯಾಲೊರಿಯ ಹತ್ತಿರ. ಹುರಿಗಡಲೆಯಾದರೆ ಕೊಬ್ಬು ಕಡಿಮೆ. 100 ಗ್ರಾಮಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, ಬಾರಿನಷ್ಟೇ, ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಆಸುಪಾಸು. ಆದರೆ ಅಷ್ಟು ಹುರಿಗಡಲೆಯನ್ನು ಒಮ್ಮೆಗೇ ತಿಂದು ನೋಡಿ, ಗಂಟಲು ಒಣಗಿ ಮಾತು ನಿಲ್ಲುತ್ತದೆ. ಹಳೆಯದೆಲ್ಲ ಅಮೃತ ಎಂದು ಬರೆಯುವ ಅಂಕಣಕಾರರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಚಿಕ್ಕಿಯ ವಿಷಯದಲ್ಲೂ ಅಷ್ಟೆ. ಪ್ರೋಟೀನ್ ಬಾರ್ ಎಂದರೆ ನಮ್ಮ ಚಿಕ್ಕಿಯೇ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡುವ ವಿಚಾರ ಬಂದಾಗ ಕೆಲವು ಮಠಗಳಿಂದ ವಿರೋಧ ಎದ್ದಿತು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿ ವಾರಕ್ಕೆ ಎರಡು ದಿನದ ಮೊಟ್ಟೆ ಆರು ದಿನಕ್ಕೆ ಏರಿತು. 2025ರ ಆರಂಭದಲ್ಲಿ ಶಿಕ್ಷಣ ಇಲಾಖೆ ಚಿಕ್ಕಿಯನ್ನು ಪಟ್ಟಿಯಿಂದಲೇ ತೆಗೆಯಿತು. ಸಕ್ಕರೆ ಅಂಶ ಹೆಚ್ಚು, ಕೊಬ್ಬು ಹೆಚ್ಚು ಎಂಬುದು ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಸರಿಯಾದ ತೀರ್ಮಾನವೇ. ಅಂಟು ಪಾಕಕ್ಕೆ ಅಚ್ಚಾದ ತಿಂಡಿ ಮೊಟ್ಟೆಗೆ ಸಾಟಿಯಲ್ಲ. ಕೆ.ಆರ್. ಪುರದ ಸರ್ಕಾರಿ ಶಾಲೆಯ ಮಗುವಿಗೆ ಇಷ್ಟು ಕಟ್ಟುನಿಟ್ಟಾಗಿ ಹಿಡಿದ ತಕ್ಕಡಿಯನ್ನು ಇಂದಿರಾನಗರದ 100 ಅಡಿ ರಸ್ತೆಯ ಅಂಗಡಿಗಳ 'ಹೆಲ್ದಿ ಸ್ನ್ಯಾಕ್ಸ್' ಕಪಾಟಿನ ಮುಂದೆ ಒಮ್ಮೆ ಹಿಡಿದರೆ ಎಷ್ಟು ಪೊಟ್ಟಣ ಉಳಿದೀತು? 2024ರಲ್ಲಿ ಕೇಂದ್ರ ಸರ್ಕಾರ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಕಾನೂನಿನಲ್ಲಿಲ್ಲ, ಆ ಹೆಸರಿನಡಿ ಮಾರಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಹೆಲ್ದಿ ಎಂಬ ಪದ ಕುಡಿಯುವುದರಿಂದ ತಿನ್ನುವುದಕ್ಕೆ ದಾಟಿಕೊಂಡಿದೆ, ಅಷ್ಟೆ.

ಇಷ್ಟನ್ನೂ ಒಂದು ಭಾನುವಾರ ನಮ್ಮ ಹುಡುಗನ ಮುಂದೆ ಹರಡಿದೆ. ಪೂರ್ತಿ ಕೇಳಿಸಿಕೊಂಡು ಅವನು ಒಂದೇ ಮಾತು ಅಂದ: "ಸರಿ ಮಾಮ, ಮೊಟ್ಟೆ ಬೇಯಿಸಿಕೊಡಿ ಹಾಗಾದ್ರೆ."

ನಾನು ಅಡುಗೆಮನೆಯ ಕಡೆ ನೋಡಿದೆ. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ನಾಲ್ಕು ಪುಟ ಲೆಕ್ಕ ಹಾಕಿದವನಿಗೆ ಈ ಲೆಕ್ಕ ಹೊಳೆದೇ ಇರಲಿಲ್ಲ. ಅವನು ಬಾರ್ ಕೊಳ್ಳಲು ಶುರುಮಾಡಿದ್ದೇ ನಮ್ಮ ಮನೆಗೆ ಬಂದ ಮೇಲೆ.

ಎರಡು ವಾರ ಮನೆಯಲ್ಲಿ ಆ ಮಾತು ಏಳಲಿಲ್ಲ. ಆಮೇಲೆ ಅವನೇ ಕೈಯಗಲದ ಒಂದು ಮೊಟ್ಟೆ ಬೇಯಿಸುವ ಕರೆಂಟ್ ಡಬ್ಬ ತಂದು ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ ಪಕ್ಕ ಇಟ್ಟ. ಅಮ್ಮ ಅದನ್ನು ನೋಡಿಯೂ ನೋಡದವಳಂತೆ ತುಳಸಿ ಕುಂಡವನ್ನು ಮುಂದಿನ ಬಾಲ್ಕನಿಗೆ ಸಾಗಿಸಿದಳು. ಈಗ ಅವನು ಬೆಳಗ್ಗೆ ಎರಡು ದೋಸೆ ತಿಂದು, ಎರಡು ಮೊಟ್ಟೆ ಡಬ್ಬಿಗೆ ಹಾಕಿಕೊಂಡು ಹೊರಡುತ್ತಾನೆ. ಮೊಟ್ಟೆ ಎಂಬ ಪದವನ್ನು ಅಮ್ಮ ಬಾಯಲ್ಲಿ ಆಡುವುದಿಲ್ಲ. ಏಳೂವರೆಗೆ ಬಾಲ್ಕನಿಯಲ್ಲಿ ಕುಂಯ್ ಎಂದು ಸದ್ದಾದಾಗ ದೇವರಮನೆಯಿಂದಲೇ ಕೂಗುತ್ತಾಳೆ:

"ನಿನ್ನ ಬಾರ್ ಬೆಂತು ನೋಡೋ!"