ಮದುವೆಯೇ ಜೀವನೋಪಾಯವೆ?

ಕಾಚಿಗುಡದ ನಮ್ಮ ಭಾನುವಾರದ ಕೂಟಕ್ಕೆ ಕಾವ್ಯದ ಓದಿಗಾಗಿ ಬರುವವರಷ್ಟೇ ಅಲ್ಲ, ಕಾಗದಪತ್ರಗಳ ಓದಿಗಾಗಿ ಬರುವವರೂ ಇದ್ದಾರೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಎರಡು ತಲೆಮಾರಿನ ಹಿಂದೆ ಹೈದರಾಬಾದಿಗೆ ಬಂದು ರೈಲ್ವೆಯಲ್ಲೋ ಕಾರ್ಖಾನೆಯಲ್ಲೋ ದುಡಿದವರ ಮನೆಯ ಹೆಂಗಸರು ಇಂಗ್ಲಿಷಿನ ಆದೇಶವೊಂದನ್ನು ಚೀಲದಿಂದ ತೆಗೆದು ನಮ್ಮ ಮುಂದಿಡುತ್ತಾರೆ. ಈಚೆಗೆ ಹಾಗೆ ಬಂದವರು ರೈಲ್ವೆ ನೌಕರರೊಬ್ಬರ ಪತ್ನಿ; ಪತಿ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯನ್ನೇ ನಂಬಿ ಬಾಳುತ್ತಿರುವವರು. ಮೂವತ್ತು ದಾಟಿದ ಮಗಳಿಗೆ ಸಂಬಂಧವೊಂದು ಕೂಡಿಬಂದಿದೆ. ಅವರ ಪ್ರಶ್ನೆ ಒಂದೇ: “ಆಕಿ ಲಗ್ನ ಆದ ಮ್ಯಾಲ, ನಾನೂ ಹೋದ ಮ್ಯಾಲ, ಅಲ್ಲಿ ಏನಾರ ಕೆಟ್ಟದ್ದಾದ್ರ ಈ ಪಿಂಚಣಿ ಆಕಿಗೆ ಬರ್ತದೇನ್ರಿ?”

ಬರುವುದಿಲ್ಲ ಎಂದು ಹೇಳಬೇಕಾಯಿತು. ನಿಯಮ ಬರೆದವರು ನಾವಲ್ಲದಿದ್ದರೂ ಹೇಳಿದ ಮೇಲೆ ನಮಗೇ ನಾಚಿಕೆಯಾಯಿತು.

ಕೇಂದ್ರ ಸರ್ಕಾರದ ನೌಕರರ ಪಿಂಚಣಿ ನಿಯಮಗಳಲ್ಲಿ ಮಗನಿಗೆ ಕುಟುಂಬ ಪಿಂಚಣಿ ದೊರೆಯುವುದು 25 ವರ್ಷ ತುಂಬುವವರೆಗೆ; ಅದಕ್ಕೆ ಮುನ್ನವೇ ಮದುವೆಯಾದರೆ ಅಥವಾ ಸಂಪಾದನೆಗೆ ತೊಡಗಿದರೆ ಅಲ್ಲಿಗೇ ಕೊನೆ. ಮಗಳಿಗೆ ವಯಸ್ಸಿನ ಮಿತಿಯಿಲ್ಲ. 2004ರಲ್ಲಿ ವಿಧವೆ ಮತ್ತು ವಿಚ್ಛೇದಿತ ಪುತ್ರಿಯರಿಗೂ, 2007ರಲ್ಲಿ ಅವಿವಾಹಿತೆಯರಿಗೂ 25ರ ಗಡಿಯನ್ನು ತೆರೆದರು. ಇದು ಔದಾರ್ಯವೆಂದೇ ಅನೇಕರು ಕೊಂಡಾಡಿದ್ದಾರೆ. ನಾವೂ ಕೊಂಡಾಡಿದವರೇ. ಆದರೆ ಈ ಔದಾರ್ಯದ ಅಡಿಪಾಯವನ್ನು ನೋಡಬೇಕು. ಮಗ ದೊಡ್ಡವನಾಗುವುದು ಹುಟ್ಟುಹಬ್ಬದಂದು, ಮಗಳು ದೊಡ್ಡವಳಾಗುವುದು ಮದುವೆಯಂದು. ಅಲ್ಲಿಯವರೆಗೆ ಅವಳು ತಂದೆಯ ಹೊಣೆ, ಆಮೇಲೆ ಗಂಡನ ಹೊಣೆ; ನಡುವೆ ಅವಳೆಂಬ ವ್ಯಕ್ತಿ ಎಲ್ಲಿಯೂ ಇಲ್ಲ. ಅಳಿಯನಿಗೆ ಕೆಲಸವಿದೆಯೋ ಇಲ್ಲವೋ ಎಂದು ನಿಯಮ ಕೇಳುವುದಿಲ್ಲ. ತಾಳಿಯನ್ನೇ ಅದು ಸಂಬಳದ ಚೀಟಿಯೆಂದು ಭಾವಿಸುತ್ತದೆ.

ಇನ್ನೂ ಕ್ರೂರವಾದುದು ಮುಂದಿನ ಷರತ್ತು. ಮದುವೆಯಾಗಿ ವಿಧವೆಯಾದ ಮಗಳಿಗೆ ತವರಿನ ಪಿಂಚಣಿ ಸಿಗಬೇಕಾದರೆ ಅವಳ ಗಂಡ ಸತ್ತಿರಬೇಕಾದುದು ತಂದೆ ಅಥವಾ ತಾಯಿ ಬದುಕಿದ್ದಾಗಲೇ. ವಿಚ್ಛೇದನವಾದರೆ ಕನಿಷ್ಠ ನ್ಯಾಯಾಲಯದಲ್ಲಿ ಪ್ರಕರಣವಾದರೂ ಅವರ ಜೀವಿತಕಾಲದಲ್ಲಿ ಹೂಡಿರಬೇಕು. ಈ ಅಲ್ಪ ಸಡಿಲಿಕೆ ಬಂದದ್ದು 2017ರಲ್ಲಿ. ತಾಯಿ ಮಾರ್ಚಿಯಲ್ಲಿ ತೀರಿಕೊಂಡು ಅಳಿಯ ಏಪ್ರಿಲ್‌ನಲ್ಲಿ ತೀರಿಕೊಂಡರೆ ಮಗಳಿಗೆ ಏನೂ ಇಲ್ಲ. ಅದೇ ಸಾವುಗಳು ಹಿಂದುಮುಂದಾಗಿದ್ದರೆ, ಬೇರೆ ಸಂಪಾದನೆಯಿಲ್ಲದ ಪಕ್ಷದಲ್ಲಿ, ಬದುಕಿರುವವರೆಗೂ ಪಿಂಚಣಿ. ಹೆತ್ತವರ ಮೇಲಿನ ಅವಲಂಬನೆಯನ್ನು ಅಳೆಯುವುದಕ್ಕಾಗಿ ಈ ಷರತ್ತು ಎಂದು ಅಧಿಕಾರಿಗಳು ವಿವರಿಸುತ್ತಾರೆ. ಸಾವಿನ ತಾರೀಖುಗಳನ್ನು ಹೋಲಿಸಿ ಹಸಿವನ್ನು ಅಳೆಯುವ ವಿದ್ಯೆ ನಮಗಂತೂ ತಿಳಿಯದು.

ಸರ್ಕಾರಿ ನೌಕರಿಯ ಹೊರಗೆ ನಿಂತವರ ಮಾತು ಬೇರೆ. ಜೀಡಿಮೆಟ್ಲ, ಬಾಲಾನಗರಗಳ ಖಾಸಗಿ ಕಾರ್ಖಾನೆಗಳಲ್ಲಿ ದುಡಿದು ಮಡಿದವರ ಮಕ್ಕಳಿಗೆ 1995ರ ನೌಕರರ ಪಿಂಚಣಿ ಯೋಜನೆ ಅನ್ವಯಿಸುತ್ತದೆ. ತಾಯಿಗೆ ಬರುವ ವಿಧವಾ ಪಿಂಚಣಿಯ ಕಾಲುಭಾಗ, ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ ಮಾತ್ರ, 25 ವರ್ಷದವರೆಗೆ. 2014ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತ ಮಗುವಿಗೆ ತಿಂಗಳಿಗೆ 250 ರೂಪಾಯಿ, ತಂದೆತಾಯಿ ಇಬ್ಬರೂ ಇಲ್ಲದ ಮಗುವಿಗೆ 750. ಈ ನಗರದಲ್ಲಿ 250 ರೂಪಾಯಿಗೆ ಒಂದು ತಿಂಗಳ ಸಾಮಾನ್ಯ ಬಸ್ ಪಾಸೂ ಬರುವುದಿಲ್ಲ. ಒಂದೇ ಗಲ್ಲಿಯ ಎರಡು ಮನೆಗಳಲ್ಲಿ, ಒಂದೇ ಶಾಲೆಯಲ್ಲಿ ಓದಿದ ಇಬ್ಬರು ಹೆಣ್ಣುಮಕ್ಕಳಲ್ಲಿ, ರೈಲ್ವೆಯವನ ಮಗಳು ಮದುವೆಯವರೆಗೆ ಮಗುವಾಗಿಯೇ ಉಳಿಯುತ್ತಾಳೆ. ಕಾರ್ಖಾನೆಯವನ ಮಗಳು 25ಕ್ಕೆ ದೊಡ್ಡವಳಾಗಿಬಿಡುತ್ತಾಳೆ. ಕಾರ್ಮಿಕರ ರಾಜ್ಯ ವಿಮೆಯಲ್ಲಿ ಇನ್ನೊಂದು ಲೆಕ್ಕ: ಓದುತ್ತಿರುವ ಮಗನಿಗೆ ಚಿಕಿತ್ಸೆ 21ರವರೆಗೆ, ಮಗಳಿಗೆ ಮತ್ತೆ ಮದುವೆಯವರೆಗೆ.

ನ್ಯಾಯಾಲಯದ ಹೊಸ್ತಿಲಲ್ಲಿ ವಯಸ್ಸು ಮತ್ತೂ ಇಳಿಯುತ್ತದೆ. ತಂದೆಯಿಂದ ಜೀವನಾಂಶ ಕೇಳಿದ ಅಭಿಲಾಷಾ ಎಂಬ ತರುಣಿಯ ಪ್ರಕರಣದಲ್ಲಿ 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ದೈಹಿಕ ಅಥವಾ ಮಾನಸಿಕ ಊನವಿಲ್ಲದ ಮಗಳು 18 ತುಂಬಿದ ಮೇಲೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ಬಳಿ ಜೀವನಾಂಶ ಕೇಳುವಂತಿಲ್ಲ. ಅವಿವಾಹಿತೆಯಾಗಿದ್ದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯಡಿ ಬೇರೆ ದಾವೆ ಹೂಡಬಹುದು. ಅಲ್ಲಿಯೂ ಕೀಲಿ ಮದುವೆಯೇ.

ಬೊಕ್ಕಸಕ್ಕೂ ಮಿತಿಯುಂಟು, ಎಲ್ಲಿಯಾದರೂ ಗೆರೆ ಎಳೆಯಲೇಬೇಕು ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಕೇಂದ್ರದ ನಿಯಮಗಳಲ್ಲೇ ಇದೆ. ತಿಂಗಳ ಆದಾಯ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿ ಪರಿಹಾರವನ್ನು ಮೀರಿದರೆ ಪಿಂಚಣಿ ನಿಲ್ಲುತ್ತದೆ. ಇಷ್ಟು ಸ್ಪಷ್ಟವಾದ ಆದಾಯದ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡೇ ಮದುವೆಯ ಆಮಂತ್ರಣ ಪತ್ರಿಕೆಯನ್ನು ಏಕೆ ಕೇಳಬೇಕು? ಮಗನಾಗಲಿ ಮಗಳಾಗಲಿ ಓದು ಮುಗಿದಿದೆಯೆ, ಸಂಪಾದನೆಯಿದೆಯೆ ಎಂಬ ಎರಡು ಪ್ರಶ್ನೆ ಸಾಕು. ಹೆತ್ತವರ ಜೀವಿತಕಾಲದಲ್ಲೇ ವಿಧವೆಯಾಗಿರಬೇಕೆಂಬ ಷರತ್ತನ್ನಂತೂ ಇಂದೇ ಅಳಿಸಬೇಕು.

ಆ ತಾಯಿಗೆ ನಾವು ಹೇಳಬಹುದಾದದ್ದು ಅಲ್ಪ. ಮಗಳ ಜನ್ಮ ದಾಖಲೆಯನ್ನೂ ಪಿಂಚಣಿ ಆದೇಶವನ್ನೂ ಜೋಡಿಸಿಟ್ಟುಕೊಳ್ಳಿ, ಕುಟುಂಬದ ವಿವರದಲ್ಲಿ ಅವಳ ಹೆಸರಿದೆಯೋ ನೋಡಿ ಎಂದೆವು. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಲು ಹೊರಡುವ ಓದುಗರು ತಮ್ಮ ಮನೆಯ ಕಡತವನ್ನೂ ಒಮ್ಮೆ ತೆರೆದು ನೋಡಲಿ. ಮಗಳ ವಿಚ್ಛೇದನದ ಪ್ರಕರಣ ನಡೆಯುತ್ತಿದ್ದರೆ ಅದನ್ನು ಹೂಡಿದ ದಿನದ ಪ್ರತಿ ಆ ಕಡತದಲ್ಲಿರಲಿ. ಓದಲು ತೊಡಕಾದರೆ ಭಾನುವಾರ ಬನ್ನಿ, ನಾವಿರುತ್ತೇವೆ.